ಅಲಸಂದೆ ಡಬ್ಬಿ

ನಾನು ಓದಿದ ಹಾಸನದ ಕಾರೇಕೆರೆ ಕೃಷಿ ಕಾಲೇಜಿನ ನೆನಪು ಬರೆಯುವಾಗ ಹಾಸ್ಟೆಲ್ಲು, ಕ್ಯಾಂಟೀನಿನ ಬಗ್ಗೆ ಬೇರೆಯವರು ಬರೆದೇ ಬರೆಯುತ್ತಾರೆ. ನನಗೆ ಮೊದಲು ನೆನಪಾಗುವುದು ಕೀಟಶಾಸ್ತ್ರದ ಲ್ಯಾಬಿನಲ್ಲಿ ಕಾಳು ತಿನ್ನುವ ದುಂಬಿ ಸಾಕಿದ್ದ ಅಲಸಂದೆ ಡಬ್ಬಿ.

ಮನೆಯಲ್ಲಿ ಕಾಳಿಗೆ ಹುಳ ಹಿಡಿದರೆ ಅಮ್ಮ ಬಿಸಿಲಿಗೆ ಹರವಿ, ಕೇರಿ ತುಂಬಿಡುತ್ತಿದ್ದರು. ಮೇಡಂ ಅಂಥ ಕಾಳನ್ನೇ ಲೆನ್ಸ್ ಕೆಳಗೆ ಇಡಿಸಿದರು. ಸಿಪ್ಪೆಗೆ ಗಟ್ಟಿಯಾಗಿ ಅಂಟಿದ ಹೊಳೆಯುವ ಚುಕ್ಕಿ. ಅದು ಈ ದುಂಬಿಯ ಮೊಟ್ಟೆ. ಮರಿ ಹೊರಗೆ ಬರುವುದೇ ಇಲ್ಲ, ಮೊಟ್ಟೆಯ ತಳದಿಂದ ನೇರ ಕಾಳಿನೊಳಕ್ಕೆ ಕೊರೆಯುತ್ತದೆ. ಕೊರೆದ ಪುಡಿ ಖಾಲಿ ಚಿಪ್ಪಿನಲ್ಲಿ ತುಂಬಿಕೊಂಡು ಚುಕ್ಕಿ ಬೆಳ್ಳಗಾಗುತ್ತದೆ. ಆಮೇಲೆ ಬೇರೆ ಕಾಳಿಗೆ ಹೋಗುವ ಮಾತೇ ಇಲ್ಲ. ತಾಯಿ ಆರಿಸಿದ್ದೇ ಗತಿ.

ಅದಕ್ಕೇ ಹೆಣ್ಣು ದುಂಬಿ ಕಾಳಿನ ಮೇಲೆಲ್ಲ ಓಡಾಡಿ, ಮುಟ್ಟಿ ನೋಡಿ ಇಡುತ್ತದೆ. ಆಗಲೇ ಮೊಟ್ಟೆ ಇದ್ದರೆ ಸಾಮಾನ್ಯವಾಗಿ ಪಕ್ಕದ ಕಾಳಿಗೆ ಹೋಗುತ್ತದೆ. ಹೆಸರುಕಾಳಿನಷ್ಟು ಸಣ್ಣದರಲ್ಲಿ ಎರಡು ಮರಿ ಸೇರಿದರೆ ಎಷ್ಟೋ ಸಲ ಉಳಿಯುವುದು ಒಂದೇ. ಆದರೆ ಡಬ್ಬಿಯಲ್ಲಿ ಕಾಳು ಕಮ್ಮಿ ಮಾಡಿದಾಗ ಈ ಜಾಣತನ ಎಲ್ಲ ಮಾಯ! ಒಂದೇ ಕಾಳಿಗೆ ಮೂರು, ನಾಲ್ಕು. ಕಾಳೇ ಇಲ್ಲದಾಗ ಗಾಜಿನ ಮಣಿಗೂ ಅಂಟಿಸಿದವು. ರಾಜ್ಮಾ ಹಾಕಿದರೆ ಅದರ ಮೇಲೂ ಇಟ್ಟವು. ಮರಿ ಮಾತ್ರ ಉಳಿಯಲಿಲ್ಲ. ರಾಜ್ಮಾದಲ್ಲಿರುವ ಒಂದು ಪ್ರೋಟೀನು ಅದಕ್ಕೆ ಪಿಷ್ಟ ಅರಗದ ಹಾಗೆ ಮಾಡುತ್ತದಂತೆ. ತಾಯಿಗೆ ಎಲ್ಲ ಗೊತ್ತು ಅನ್ನುವ ಮಾತು ಹುಳದ ವಿಷಯದಲ್ಲಂತೂ ಪೂರ್ತಿ ನಿಜ ಅಲ್ಲ.

ಕಾಳಿಗೆ ಹರಳೆಣ್ಣೆ ಸವರಿಡುವುದು ಯಾಕೆ ಅಂತಲೂ ಆಗಲೇ ತಿಳಿದದ್ದು. ಎಣ್ಣೆ ಮೈಗೆ ದುಂಬಿ ಸರಿಯಾಗಿ ಮೊಟ್ಟೆ ಇಡಲಾರದು, ಇಟ್ಟರೂ ಬಹಳಷ್ಟು ಒಡೆಯುವುದಿಲ್ಲ. ಕಿಲೋಗೆ 5 ಮಿ.ಲೀ. ಆದರೆ ಸಾಕು.

ಈಗ ಕೆಲಸದ ಮೇಲೆ ಸಕಲೇಶಪುರದ ಕಡೆ ಜಾಸ್ತಿ ಓಡಾಟ. ಅಲ್ಲಿ ಅರೇಬಿಕಾ ಕಾಫಿ ಬೆಳೆಗಾರರಿಗೆ ಗಿಡದ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಹುಳದ ಚಿಂತೆ. ಅದರ ಹೆಣ್ಣು ದುಂಬಿಗೆ ಬಿಸಿಲು ಬೀಳುವ ಕಾಂಡವೇ ಬೇಕು, ತೊಗಟೆಯ ಬಿರುಕಿನೊಳಗೆ ಮೊಟ್ಟೆ ಇಡುತ್ತದೆ. ದುಂಬಿ ಹಾರುವುದು ಏಪ್ರಿಲ್-ಮೇನಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್ ತನಕ. ಆ ಹೊತ್ತಿಗೆ ಕಾಂಡ ಉಜ್ಜಿ ನುಣ್ಣಗೆ ಮಾಡಿದರೆ ಇಡಲು ಬಿರುಕೇ ಸಿಗುವುದಿಲ್ಲ, ಇಟ್ಟ ಮೊಟ್ಟೆಯೂ ಉದುರುತ್ತದೆ. ಆಳು ಸಿಗಲ್ಲ, ಔಷಧಿ ಹೇಳಿ ಸಾರ್ ಅನ್ನುತ್ತಾರೆ. ನಾನು ಮೊದಲು ತಲೆ ಎತ್ತಿ ನೆರಳು ನೋಡುತ್ತೇನೆ. ಮರ ಕಡಿಸಿ ಬೆಳಕು ಜಾಸ್ತಿ ಮಾಡಿಕೊಂಡ ಕಡೆಯೇ ಕೊರಕದ ಕಾಟವೂ ಜಾಸ್ತಿ ಅಲ್ವಾ?