ಕದ್ರಿಯ ತಾರಸಿಯಲ್ಲಿ ನಡುರಾತ್ರಿಯ ರಾಕಿ ಹಾರರ್

ವಾಟ್ಸಾಪ್‌ನಲ್ಲಿ ಬಂದ ಪಟ್ಟಿ ಚಿಕ್ಕದು: ಹಳೇ ಉದಯವಾಣಿ ಒಂದು, ಒಂದು ಮುಷ್ಟಿ ಅಕ್ಕಿ, ಒಂದಿಷ್ಟು ರಸ್ಕು, ಟಾರ್ಚು. ಸಿನಿಮಾ ನೋಡಲು ಇವೆಲ್ಲ ಯಾಕೆ ಅಂತ ಅಮ್ಮ ಕೇಳಿದರು. 'ದಿ ರಾಕಿ ಹಾರರ್ ಪಿಕ್ಚರ್ ಶೋ' ನೋಡಲು ಇವೆಲ್ಲ ಬೇಕೇ ಬೇಕು.

ಹಾಡು ಕುಣಿತ ತುಂಬಿದ ಈ ಸಿನಿಮಾ 1975ರಲ್ಲಿ ಬಂತು, ಸೋತಿತು. ಮರುವರ್ಷ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ವೇವರ್ಲಿ ಥಿಯೇಟರ್ ಇದನ್ನು ನಡುರಾತ್ರಿ ಹಾಕತೊಡಗಿತು. ನೋಡಿದವರೇ ಮತ್ತೆ ಮತ್ತೆ ಬಂದರು. ಪರದೆಗೆ ಎದುರುತ್ತರ ಕೊಟ್ಟರು. ಪಾತ್ರಗಳ ಹಾಗೇ ಬಟ್ಟೆ ಹಾಕಿಕೊಂಡರು. ಆಮೇಲೆ ಪರದೆಯ ಮುಂದೆಯೇ ನಿಂತು ಇಡೀ ಸಿನಿಮಾವನ್ನು ಅಭಿನಯಿಸತೊಡಗಿದರು. ಮ್ಯೂನಿಕ್‌ನ ಒಂದು ಥಿಯೇಟರಿನಲ್ಲಿ 1977ರಿಂದ ಇಂದಿಗೂ ಓಡುತ್ತಿದೆ.

ನಾನು ಇದನ್ನು ಹಿಂದೆ ಲ್ಯಾಪ್‌ಟಾಪಿನಲ್ಲಿ ಒಬ್ಬಳೇ ನೋಡಿದ್ದೆ. ಹಾಡುಗಳು ತುಂಬಾ ಹಿಡಿಸಿದ್ದವು. ಮಾತಿನ ನಡುವೆ ಮಾತ್ರ ಏನೋ ಖಾಲಿ ಖಾಲಿ. ಆ ಖಾಲಿ ಜಾಗವೆಲ್ಲ ನೋಡುವವರದ್ದು ಅಂತ ಆ ರಾತ್ರಿ ಗೊತ್ತಾಯಿತು.

ಮಂಗಳೂರಿನ ಕದ್ರಿಯಲ್ಲಿ ನನ್ನ ಗೆಳತಿಯ ಅಕ್ಕನ ಮನೆ. ಇಲ್ಲಿನ ಹೆಚ್ಚಿನ ಮನೆಗಳ ಹಾಗೆ ತಾರಸಿಗೆ ಶೀಟು ಹಾಕಿದ್ದಾರೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆ ಬಿಳಿ ಹೊದಿಕೆ ಕಟ್ಟಿ, ಮಣಿಪಾಲದ ಹುಡುಗರು ತಂದ ಪ್ರೊಜೆಕ್ಟರ್ ಇಟ್ಟಿದ್ದರು. ಜುಲೈ ತಿಂಗಳು. ಹೊರಗೆ ಜಡಿಮಳೆ.

ಸುರತ್ಕಲ್‌ನಿಂದ ಒಬ್ಬ ಸ್ಕೂಟರಿನಲ್ಲಿ ಬಂದ. ಹಗಲಿಡೀ ಆಫೀಸಿನಲ್ಲಿ ಲೆಕ್ಕ ಬರೆಯುವವನು. ಮೆಟ್ಟಿಲ ಹತ್ತಿರ ರೈನ್‌ಕೋಟ್ ಬಿಚ್ಚಿದ. ಒಳಗೆ ಕಪ್ಪು ಕಾರ್ಸೆಟ್, ಬಲೆಯಂಥ ಸ್ಟಾಕಿಂಗ್ಸ್, ಕೊರಳಲ್ಲಿ ಮುತ್ತಿನ ಸರ. ಸಿನಿಮಾದ ವಿಜ್ಞಾನಿ ಫ್ರಾಂಕ್-ಎನ್-ಫರ್ಟರ್‌ನ ವೇಷ, ಟಿಮ್ ಕರ್ರಿ ಮಾಡಿದ ಪಾತ್ರ. ಹೀಗೆ ಹಾಕಿಕೊಂಡು ಮನೆಯಿಂದ ಹೊರಗೆ ಬಂದದ್ದೇ ಇಲ್ಲವಂತೆ. ಅಕ್ಕ ಏನೂ ಕೇಳಲಿಲ್ಲ. "ಬಾ ಮಾರಾಯ, ಕಾಡಿಗೆ ಮಳೆಗೆ ಹರಡಿದೆ" ಅಂತ ಕೂರಿಸಿ ಕಣ್ಣು ಸರಿಮಾಡಿದರು. ಕನ್ನಡಿ ನೋಡಿ ಅವನು ನಕ್ಕ ನಗು ಎಷ್ಟು ಚೆಂದ ಇತ್ತು ಗೊತ್ತಾ! ಈ ಸಿನಿಮಾ ಉಳಿದಿರುವುದೇ ಇಂಥವರಿಂದ, ಇಂಥವರಿಗಾಗಿ ಅಂತ ನಾನು ನಂಬುತ್ತೇನೆ. ಹಗಲು ಮುಚ್ಚಿಟ್ಟುಕೊಂಡದ್ದನ್ನು ರಾತ್ರಿ ನಾಲ್ಕು ಜನರ ಎದುರು ತೊಟ್ಟು ನಿಲ್ಲಲು ಒಂದು ಜಾಗ ಬೇಕಲ್ವಾ?

ಸರಿಯಾಗಿ ಹನ್ನೆರಡಕ್ಕೆ ಶುರು. ಕತ್ತಲೆಯಲ್ಲಿ ಬರೀ ಒಂದು ಜೋಡಿ ಕೆಂಪು ತುಟಿ ಹಾಡುತ್ತದೆ. ತುಟಿ ಪೆಟ್ರೀಷಿಯಾ ಕ್ವಿನ್ ಅವರದ್ದು, ದನಿ ಈ ಸಿನಿಮಾದ ಮೂಲ ನಾಟಕ ಬರೆದ ರಿಚರ್ಡ್ ಓಬ್ರಿಯನ್ ಅವರದ್ದು. ಆಮೇಲೆ ಮದುವೆಯ ದೃಶ್ಯ. ಅಕ್ಕಿ ಎಸೆಯುವ ಹೊತ್ತು. ಧಾರೆಗೆ ಅಕ್ಷತೆ ಹಾಕಿ ಪಳಗಿದ ಕೈಗಳು ನಮ್ಮವು, ಒಂದು ಕಾಳೂ ಗುರಿ ತಪ್ಪಲಿಲ್ಲ.

ನಂತರ ಕಥೆಯ ಜೋಡಿ ಬ್ರಾಡ್ ಮತ್ತು ಜಾನೆಟ್‌ರ ಕಾರಿನ ಟಯರ್ ಹೋಗುತ್ತದೆ. ಸುರಿಯುವ ಮಳೆಯಲ್ಲಿ ಜಾನೆಟ್ ತಲೆ ಮೇಲೆ ಪೇಪರ್ ಹಿಡಿದು ಫ್ರಾಂಕ್‌ನ ಕೋಟೆಯ ಕಡೆಗೆ ನಡೆಯುತ್ತಾಳೆ. ನಾವೂ ಉದಯವಾಣಿ ತಲೆ ಮೇಲೆ ಹಿಡಿದೆವು. ಬೇರೆ ಕಡೆ ಈ ಹೊತ್ತಿಗೆ ಆಟದ ಪಿಸ್ತೂಲಿನಿಂದ ನೀರು ಹಾರಿಸುತ್ತಾರೆ. ನಮಗೆ ಎರಚಲೇ ಸಾಕಾಯಿತು. ಗಾಳಿ ಬೀಸಿ ಮುಂದಿನ ಸಾಲಿನವರು ನಿಜಕ್ಕೂ ಒದ್ದೆಯಾದರು.

ಆಗಲೇ ಮಳೆ ಜೋರಾಯಿತು. ಶೀಟಿನ ಮೇಲೆ ಬೀಳುವ ಮಳೆಯ ಸದ್ದು ಕೇಳಿದವರಿಗೆ ಗೊತ್ತು. ಪಕ್ಕದವರ ಮಾತೂ ಕೇಳುವುದಿಲ್ಲ. ಸ್ಪೀಕರ್ ಪೂರ್ತಿ ಸೋತಿತು. ಯಾರೂ ನಿಲ್ಲಿಸಿ ಅನ್ನಲಿಲ್ಲ. ಮಣಿಪಾಲದ ಹುಡುಗರು ಎದ್ದು ನಿಂತು ಬ್ರಾಡ್‌ನ ಮಾತು ಕೂಗಿದರು. ಬಲ್ಮಠದ ಟೀಚರೊಬ್ಬರು ಜಾನೆಟ್ ಆದರು. ನೆನಪಾದದ್ದು ಇಂಗ್ಲಿಷಿನಲ್ಲಿ, ಉಳಿದದ್ದು ಕನ್ನಡದಲ್ಲಿ. ನಡುನಡುವೆ ಕಥೆ ಹೇಳುವ ಅಪರಾಧಶಾಸ್ತ್ರಜ್ಞ ಪರದೆಗೆ ಬಂದಾಗಲೆಲ್ಲ "ಕುತ್ತಿಗೆ ಎಲ್ಲಿ ಸ್ವಾಮೀ?" ಅಂತ ಕೂಗು. ಜಾನೆಟ್‌ಗೆ ಕೂಗುವ ರೂಢಿಯ ಬೈಗುಳವೊಂದಿದೆ, ನನಗದು ಯಾವತ್ತೂ ಹಿಡಿಸಿಲ್ಲ. ಇಲ್ಲಿ ಅದರ ಬದಲು "ಜಾನೆಟಕ್ಕಾ, ಒಳಗೆ ಹೋಗ್ಬೇಡಿ!" ಅಂದರು. ಎಷ್ಟು ಒಳ್ಳೆಯ ಬದಲಾವಣೆ!

ಫ್ರಾಂಕ್ ಲಿಫ್ಟಿನಲ್ಲಿ ಇಳಿದು ಬರುವುದಕ್ಕೆ ಎಲ್ಲರೂ ಕಾದಿದ್ದರು. ದೇವಿಮಹಾತ್ಮೆ ಯಕ್ಷಗಾನ ಆಟದಲ್ಲಿ ಮಹಿಷಾಸುರ ದೊಂದಿ ಬೆಳಕಿನಲ್ಲಿ ಜನರ ನಡುವಿನಿಂದ ಅಬ್ಬರಿಸುತ್ತಾ ಬರುವಾಗ ನಿದ್ದೆಗಣ್ಣಿನ ಮಕ್ಕಳೂ ಎದ್ದು ಕೂರುತ್ತಾರಲ್ಲ, ಹಾಗೆ. ಮುಂದೆ ಏನಾಗುತ್ತದೆ ಅಂತ ಅಲ್ಲೂ ಎಲ್ಲರಿಗೂ ಗೊತ್ತು. ಗೊತ್ತಿದ್ದೇ ಕಾಯುವ ಸುಖವೇ ಜಾಸ್ತಿ. ನಮ್ಮ ಸುರತ್ಕಲ್‌ನವನು ಹಿಂದಿನ ಮೆಟ್ಟಿಲಿಂದ, ಅಕ್ಕನ ಕಪ್ಪು ಶಾಲು ಹೊದ್ದು, ಟಾರ್ಚುಗಳ ಬೆಳಕಿನಲ್ಲಿ ಬಂದ. ಸರಿಯಾದ ತಾಳಕ್ಕೆ ಶಾಲು ಕಿತ್ತೆಸೆದ. ಶಿಳ್ಳೆಯೋ ಶಿಳ್ಳೆ. ಆಮೇಲೆ ನಾನು ಪರದೆ ನೋಡಿದ್ದು ಕಡಿಮೆ, ಅವನನ್ನೇ ನೋಡಿದ್ದು.

'ಟೈಮ್ ವಾರ್ಪ್' ಹಾಡಿಗೆ ಅದಕ್ಕೂ ಮೊದಲೇ ಎಲ್ಲರೂ ಕುಣಿದಾಗಿತ್ತು. ಎಡಕ್ಕೆ ಒಂದು ಹಾರು, ಬಲಕ್ಕೆ ಒಂದು ಹೆಜ್ಜೆ, ಸೊಂಟಕ್ಕೆ ಕೈ. ಹಾಡೇ ಕುಣಿತ ಕಲಿಸುತ್ತದೆ, ಹಾಗಾಗಿ ಹೊಸಬರೂ ಸೇರಬಹುದು. ಶಬ್ದ ಕೇಳಿ ಮೇಲೆ ಬಂದ ಅಕ್ಕನ ಅತ್ತೆ ಬಾಗಿಲಲ್ಲಿ ನಿಂತು ಕೊನೆಯವರೆಗೂ ನೋಡಿದರು. ಕೆಳಗೆ ಹೋಗುವಾಗ "ಆ ಹುಡುಗನಿಗೆ ಚಳಿ ಆಗುತ್ತದೆ, ಬಿಸಿ ಕಾಫಿ ಕೊಡಿ" ಅಂದರು.

ಎರಡು ಗಂಟೆಗೆ ಮುಗಿಯಿತು. ಅಕ್ಕಿ ಗುಡಿಸಿ, ಮಿಕ್ಕ ರಸ್ಕನ್ನು ಕಾಫಿಗೆ ಅದ್ದಿ ತಿಂದೆವು. ದೀಪಾವಳಿ ಕಳೆದ ಮೇಲೆ ಇನ್ನೊಂದು ಪ್ರದರ್ಶನ ಅಂತ ಅಲ್ಲೇ ತೀರ್ಮಾನವಾಯಿತು. ಈ ಸಲ ಪರದೆಯ ಮುಂದೆ ಎಲ್ಲ ಪಾತ್ರಗಳಿಗೂ ಜನ ಇರಬೇಕು. ನನಗೆ ಟ್ಯಾಪ್ ಡ್ಯಾನ್ಸ್ ಮಾಡುವ ಕೊಲಂಬಿಯಾಳ ಪಾತ್ರ ಸಿಕ್ಕಿದೆ. ಭರತನಾಟ್ಯ ಕಲಿತ ಕಾಲಿಗೆ ಈಗ ಟ್ಯಾಪ್ ಡ್ಯಾನ್ಸ್ ಕಲಿಸುತ್ತಿದ್ದೇನೆ. ಚಿನ್ನದ ಬಣ್ಣದ ಕೋಟು ರಥಬೀದಿಯ ಟೈಲರ್ ಹತ್ತಿರ ಹೊಲಿಯಲು ಕೊಟ್ಟಾಗಿದೆ. ಮ್ಯಾಜೆಂಟಾ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಮಂಗಳೂರು, ಉಡುಪಿ ಕಡೆಯವರು ಯಾರಾದರೂ ಬರುವುದಿದ್ದರೆ ಖಂಡಿತ ತಿಳಿಸಿ.