ಬಿಳಿ ಹಾಳೆಯ ಗಾಯ

ರಾಯಚೂರಿನ ನಮ್ಮ ಕಾಲೇಜಿನ ಡ್ರಾಯಿಂಗ್ ಕೋಣೆಯಲ್ಲಿ ಕಿಟಕಿ ಪಕ್ಕದ ಗೋಡೆಗೆ ಒಂದು ಬಿಳಿ ಹಾಳೆ ತೂಗುತ್ತಿತ್ತು. ಬಣ್ಣವಿಲ್ಲ, ಗೆರೆಯಿಲ್ಲ. ಹೊಸದಾಗಿ ಸೇರಿದವರು ಗೋಡೆಯ ಗಿಲಾವು ಕಿತ್ತಿದೆ ಎಂದುಕೊಳ್ಳುತ್ತಿದ್ದರು. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಅದರ ಸೀಳುಗಳು ಕಾಣುತ್ತಿದ್ದವು. ಕಲಾವಿದ ಸೋಮನಾಥ ಹೋರ್ ಅವರ ‘ಗಾಯಗಳು’ ಸರಣಿಯ ವಿಧಾನ ತಿಳಿಸಲು ಡ್ರಾಯಿಂಗ್ ಸರ್ ಮಾಡಿಸಿದ ಹಾಳೆ ಅದು.

ಹೋರ್ ಹುಟ್ಟಿದ್ದು 1921ರಲ್ಲಿ, ಈಗಿನ ಬಾಂಗ್ಲಾದೇಶದ ಚಿತ್ತಗಾಂಗ್ ಸೀಮೆಯಲ್ಲಿ. 1943ರ ಬಂಗಾಳದ ಬರಗಾಲದಲ್ಲಿ ಚಿತ್ರಕಾರ ಚಿತ್ತಪ್ರಸಾದರ ಒತ್ತಾಸೆಯಿಂದ ಹಸಿದವರನ್ನು ಕಂಡು ಚಿತ್ರಿಸಿದರು. 1946ರಲ್ಲಿ, ಪಾಲಿಗೆ ಮಾಡುವ ರೈತರು ಬೆಳೆಯ ಮೂರರಲ್ಲಿ ಎರಡು ಪಾಲು ಕೇಳಿದ ತೇಭಾಗಾ ಹೋರಾಟವನ್ನು ಚಿತ್ರ, ದಿನಚರಿಗಳಲ್ಲಿ ಹಿಡಿದರು. ಮುಂದೆ ಶಾಂತಿನಿಕೇತನದ ಕಲಾಭವನದಲ್ಲಿ ಮುದ್ರಣಕಲೆ ಕಲಿಸಿದರು. ಕೊನೆಯ ವರ್ಷಗಳಲ್ಲಿ ಅಲ್ಲೇ ಲಾಲ್‌ಬಾಂಧ್‌ನ ಮನೆಯಲ್ಲಿ ಗದ್ದಲದಿಂದ ದೂರವಿದ್ದು, 2006ರಲ್ಲಿ ತೀರಿಕೊಂಡರು. ಪದ್ಮಭೂಷಣ ಬಂದದ್ದು ಮರುವರ್ಷ.

1970ರ ದಶಕದ ‘ಗಾಯಗಳು’ ಸರಣಿಯ ಬಿಳಿ ಹಾಳೆಗಳಲ್ಲಿ ಗಾಯದ ಚಿತ್ರ ಇಲ್ಲ, ಗಾಯವೇ ಇದೆ. ಜೇಡಿಮಣ್ಣಿನ ಹಲಗೆಯನ್ನು ಚಾಕುವಿನಿಂದ ಸೀಳಿ, ಕಾದ ಸಲಾಕೆಯಿಂದ ಚುಚ್ಚಿ, ಅದರ ಮೇಲೆ ಸಿಮೆಂಟಿನ ಅಚ್ಚು ತೆಗೆದು, ಆ ಅಚ್ಚಿನೊಳಗೆ ಕಾಗದದ ತಿರುಳು ಒತ್ತುವುದು ಕ್ರಮ. ಮಣ್ಣಿನ ತಗ್ಗು ಅಚ್ಚಿನಲ್ಲಿ ಉಬ್ಬಾಗುತ್ತದೆ, ಕಾಗದಕ್ಕೆ ಬರುವಾಗ ಮತ್ತೆ ತಗ್ಗು. ಎರಡು ಸಲ ಮಗುಚುವುದರಿಂದ ಎಡಬಲವೂ ಅದಲುಬದಲಾಗದು. ಆತುರಕ್ಕೆ ಮಣ್ಣಿನ ಮೇಲೇ ತಿರುಳು ಹಚ್ಚಿದವರಿಗೆ ಸೀಳಿನ ಬದಲು ಬಾಸುಂಡೆ ಸಿಗುತ್ತಿತ್ತು.

ನಮ್ಮ ಕಡೆ ಮೊದಲ ತೊಡಕು ಮಣ್ಣಿನದೇ. “ಎರಿಮಣ್ಣು ತರಬ್ಯಾಡ್ರೋ, ನೀವು ಸೀಳೂಕಿಂತ ಮೊದಲೇ ಅದು ಬಿರೀತದ” ಎನ್ನುತ್ತಿದ್ದರು ಸರ್. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಕುಂಬಾರರ ಮಣ್ಣಿಗೆ ಐದರಲ್ಲಿ ಒಂದು ಪಾಲು ಸಣ್ಣ ಮರಳು ಬೆರೆಸಿ, ಒಂದಿಂಚು ದಪ್ಪದ ಹಲಗೆ ತಟ್ಟಿ, ಬೆರಳೊತ್ತಿದರೆ ಅಂಟದಷ್ಟು ಆರಿದ ಮೇಲೆ ಚಾಕು ಹಾಕಬೇಕು. ತೀರ ಹಸಿಯಿದ್ದರೆ ಸೀಳಿನ ಅಂಚು ಮುಚ್ಚಿಕೊಳ್ಳುತ್ತದೆ.

ಅಚ್ಚಿಗೆ ಸಿಮೆಂಟು ಒಂದು, ಜರಡಿ ಹಿಡಿದ ಮರಳು ಎರಡು ಪಾಲು. ನಡುವೆ ತಂತಿ ಜಾಲರಿ. ಹಾಕಿದ ಮರುದಿನದಿಂದ ಏಳು ದಿನ ಒದ್ದೆ ಗೋಣಿಚೀಲ ಹೊದಿಸಬೇಕು. ರಾಯಚೂರಿನ ಬಿಸಿಲಿಗೆ ಒಂದು ಮಧ್ಯಾಹ್ನ ಮರೆತರೂ ಅಚ್ಚಿನ ಮೈ ಹಿಟ್ಟುಹಿಟ್ಟಾಗಿ, ತಿರುಳು ಅದಕ್ಕೇ ಕಚ್ಚಿ, ಬಿಡಿಸುವಾಗ ಹರಿಯುತ್ತದೆ.

ತಿರುಳಿಗೆ ಹಳೆಯ ಹತ್ತಿ ಬಟ್ಟೆಯೇ ವಾಸಿ, ಹತ್ತಿ ಬೆಳೆಯುವ ಊರಲ್ಲಿ ಅದಕ್ಕೇನು ಕೊರತೆ! ಹೆಬ್ಬೆಟ್ಟಿನ ಉಗುರಿನಷ್ಟು ಕತ್ತರಿಸಿ, ವಾಷಿಂಗ್ ಸೋಡಾ ಹಾಕಿ ಎರಡು ತಾಸು ಕುದಿಸಿ, ಸೋಡಾ ಹೋಗುವಂತೆ ತೊಳೆದು, ಎಳೆ ಬಿಡುವತನಕ ಕುಟ್ಟುವುದು. ಗಂಜಿ ಬೆರೆಸಿದರೆ ಮಳೆಗಾಲಕ್ಕೆ ಹುಳು ಗ್ಯಾರಂಟಿ. ಅಚ್ಚಿನ ಮೂಲೆಮೂಲೆಗೆ ಬೆರಳಿನಿಂದ ತುಂಬಿ, ಸ್ಪಂಜಿನಿಂದ ನೀರು ಹೀರಿ, ನೆರಳಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಅಂಚು ಮೊದಲು ಒಣಗಿ ಹಪ್ಪಳದಂತೆ ಸೊಟ್ಟಗಾಗುತ್ತದೆ.

1974ರಿಂದ ಹೋರ್ ಕಂಚಿಗೆ ತಿರುಗಿದರು. ಮೇಣದ ತೆಳು ಹಾಳೆಗಳನ್ನು ಕತ್ತರಿಸಿ, ಮಡಚಿ, ಬಿಸಿ ಚಾಕುವಿನಿಂದ ಬೆಸೆದು, ಎಲುಬು ಕಾಣುವ ಸಣ್ಣ ಸಣ್ಣ ದೇಹಗಳನ್ನು ಮಾಡಿ ಎರಕ ಹೊಯ್ಯಿಸುತ್ತಿದ್ದರು. ಮೇಣದ ಸುತ್ತ ಅಚ್ಚು ಕಟ್ಟಿ ಕಾಯಿಸಿದರೆ ಮೇಣ ಕರಗಿಹೋಗಿ, ಆ ಜಾಗಕ್ಕೆ ಕಂಚು ಇಳಿಯುತ್ತದೆ; ಹಾಗಾಗಿ ಎರಕ ಕೆಟ್ಟರೆ ಆಕೃತಿಯೂ ಹೋಯಿತು. ಅವರ ದೊಡ್ಡ ಕಂಚು, ವಿಯೆಟ್ನಾಂ ಜನರ ನೆನಪಿನ ತಾಯಿ-ಮಗು, 1977ರಲ್ಲಿ ಮುಗಿದ ಸ್ವಲ್ಪದರಲ್ಲೇ ಕಳುವಾಯಿತು, ಮತ್ತೆ ಸಿಗಲಿಲ್ಲ.

ನಮ್ಮಲ್ಲಿ ಕುಲುಮೆ ಇರಲಿಲ್ಲ, ಹಾಗಾಗಿ ಮೇಣದ ಹಂತಕ್ಕೇ ಪಾಠ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಅದೂ ಬೆಳಗಿನ ಏಳಕ್ಕೆ. ಹನ್ನೊಂದಾದರೆ ಬೊಂಬೆಯ ಮೊಣಕಾಲು ತಾನಾಗಿ ಮಡಚಿಕೊಳ್ಳುತ್ತಿತ್ತು. ಸರ್ ಅದನ್ನೆತ್ತಿ ಮಣ್ಣಿನ ಕೊಡದ ನೀರಿಗೆ ಇಳಿಬಿಡುತ್ತಿದ್ದರು.