ದುಬೈಗೆ ಹೊರಡುವ ಫ್ರೀಲ್ಯಾನ್ಸರ್‌ಗಳು ಮೊದಲು ಊರಿನ ಲೆಕ್ಕ ಮುಗಿಸಿ
ದುಬೈ ವೀಸಾ ಸಿಕ್ಕರೆ ತೆರಿಗೆ ಸೊನ್ನೆ ಎಂಬ ಭರವಸೆಯಲ್ಲೇ ಡಿಸೈನರ್‌ಗಳು, ಸಾಫ್ಟ್‌ವೇರ್ ಕನ್ಸಲ್ಟೆಂಟ್‌ಗಳು ಆಡಿಟರ್ ಕಚೇರಿಗೆ ಬರುತ್ತಾರೆ. ಯುಎಇಯಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ, ಅದು ನಿಜ. ಆದರೆ ಆ ಸೊನ್ನೆ ದಕ್ಕುವುದು ಭಾರತದ ಕಡೆಯ ಲೆಕ್ಕ ಸರಿಯಿದ್ದವರಿಗೆ.

ಎಲ್ಲಕ್ಕಿಂತ ಮೊದಲು ಹೊರಡುವ ತಾರೀಖು ನೋಡಿ. ಏಪ್ರಿಲ್ 1ರಿಂದ ಶುರುವಾಗುವ ವರ್ಷದಲ್ಲಿ 182 ದಿನ ಇಲ್ಲಿದ್ದರೆ ನೀವು ನಿವಾಸಿ, ದುಬೈ ಗಳಿಕೆಗೂ ಇಲ್ಲೇ ತೆರಿಗೆ. ವಿಮಾನ ಹತ್ತುವ ದಿನವನ್ನೂ ಸೇರಿಸಿದರೆ ಸೆಪ್ಟೆಂಬರ್ 28ಕ್ಕೆ 181 ದಿನ, 29ಕ್ಕೆ 182. ದೀಪಾವಳಿಗೆ ಹತ್ತು ದಿನ ಊರಿಗೆ ಬರುವುದಿದ್ದರೆ ಹತ್ತು ದಿನ ಮೊದಲೇ ಹೊರಡಿ. ಈ 182ರ ಮಿತಿ ಉದ್ಯೋಗಕ್ಕಾಗಿ ದೇಶ ಬಿಡುವ ನಾಗರಿಕರಿಗೆ ಕೊಟ್ಟ ಸಡಿಲಿಕೆ. ಸ್ವಂತ ವ್ಯವಹಾರವೂ ಇದರಲ್ಲಿ ಬರುತ್ತದೆ ಎಂದು ಕೇರಳ ಹೈಕೋರ್ಟ್ ಹೇಳಿದೆ. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಹುಡುಕುವವರಿಗೆ ಆ ವಾದ ನಿಲ್ಲುವುದು ಕಷ್ಟ. ಫ್ರೀಲ್ಯಾನ್ಸ್ ಪರ್ಮಿಟ್ ಕೈಗೆ ಬಂದ ಮೇಲೆ ಹೊರಡುವುದೇ ಸುರಕ್ಷಿತ.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಬಾಡಿಗೆ, ಷೇರು ಲಾಭ ಎಲ್ಲ ಸೇರಿ ಭಾರತದ ಆದಾಯ 15 ಲಕ್ಷ ದಾಟಿ, ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದಿದ್ದರೆ, ಒಂದು ದಿನವೂ ಇಲ್ಲಿರದ ಭಾರತೀಯ ನಾಗರಿಕನನ್ನೂ ಕಾಯ್ದೆ ನಿವಾಸಿಯೆಂದೇ ಪರಿಗಣಿಸುತ್ತದೆ. ಇದು ಪೂರ್ಣ ನಿವಾಸಿ ಸ್ಥಾನವಲ್ಲದ ಕಾರಣ ಹೊರದೇಶದ ಸಂಬಳಕ್ಕೆ ತೆರಿಗೆ ಬೀಳುವುದಿಲ್ಲ. ಆದರೆ ಭಾರತದಲ್ಲಿ ಆರಂಭಿಸಿದ ವೃತ್ತಿಯಿಂದ ಅಲ್ಲಿ ಬರುವ ಗಳಿಕೆಗೆ ಬೀಳುತ್ತದೆ. ಸಂಬಳದವರಿಗಿಲ್ಲದ ಈ ತೊಡಕು ಸ್ವಂತ ಕೆಲಸದವರಿಗೆ ಇದೆ. ಹಾಗಾಗಿ ಬೆಂಗಳೂರಿನ ಜಿಎಸ್‌ಟಿ ನೋಂದಣಿಯನ್ನು ಚಾಲ್ತಿಯಲ್ಲೇ ಬಿಟ್ಟು ಹೋಗಬೇಡಿ. ಕೆಲಸ ನಿಲ್ಲಿಸಿದ 30 ದಿನದೊಳಗೆ ನೋಂದಣಿ ರದ್ದತಿಯ ಅರ್ಜಿ ಆರ್‌ಇಜಿ-16, ರದ್ದಾದ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಜಿಎಸ್‌ಟಿಆರ್-10 ಸಲ್ಲಿಸಿ. ಹಳೆ ಗ್ರಾಹಕರ ಜೊತೆ ದುಬೈ ಪರ್ಮಿಟ್ ಹೆಸರಲ್ಲಿ ಹೊಸ ಒಪ್ಪಂದ ಮಾಡಿಕೊಳ್ಳಿ, ಇನ್‌ವಾಯ್ಸ್ ಅಲ್ಲಿಂದಲೇ ಹೋಗಲಿ.

ಅರ್ಧ ಆದಾಯವನ್ನಷ್ಟೇ ಲಾಭವೆಂದು ತೋರಿಸುವ, ಹಳೆ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ 44ಎಡಿಎ ಎನಿಸಿದ್ದ ಸೌಲಭ್ಯ ನಿವಾಸಿಗಳಿಗೆ ಮಾತ್ರ. ಅನಿವಾಸಿಯಾದ ವರ್ಷದಿಂದ ಖರ್ಚಿನ ಬಿಲ್ಲುಗಳು ಬೇಕು. 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಈ ನಿಯಮ ಹಾಗೇ ಇದೆ.

ಭಾರತದ ಗ್ರಾಹಕರು ಹಣ ಕೊಡುವಾಗ ಮೂಲದಲ್ಲೇ ತೆರಿಗೆ ಕಡಿಯುತ್ತಾರೆ. ಅದನ್ನು ತಪ್ಪಿಸಲು ಎರಡು ದೇಶಗಳ ತೆರಿಗೆ ಒಪ್ಪಂದದ 14ನೇ ವಿಧಿ ಇದೆ: ಇಲ್ಲಿ ಸ್ಥಿರ ಕಚೇರಿ ಇಲ್ಲದೆ, 183 ದಿನ ಇಲ್ಲಿರದೆ ಮಾಡಿದ ವೃತ್ತಿಪರ ಕೆಲಸಕ್ಕೆ ಭಾರತ ತೆರಿಗೆ ಹಾಕುವಂತಿಲ್ಲ. ಅದಕ್ಕೆ ಯುಎಇ ತೆರಿಗೆ ನಿವಾಸಿ ಪ್ರಮಾಣಪತ್ರ ಕಡ್ಡಾಯ. ಅಲ್ಲಿನ ಕಾನೂನಲ್ಲಿ 90 ದಿನಕ್ಕೂ ನಿವಾಸಿ ಸ್ಥಾನ ಸಿಗುವ ದಾರಿಯಿದೆ. ಭಾರತದ ಒಪ್ಪಂದಕ್ಕೆ ಮಾತ್ರ ಕ್ಯಾಲೆಂಡರ್ ವರ್ಷದಲ್ಲಿ 183 ದಿನ ಅಲ್ಲೇ ಇರಬೇಕು.

ಇನ್ನು ಅಲ್ಲಿನ ಕಡೆ. ವರ್ಷದ ವಹಿವಾಟು 10 ಲಕ್ಷ ದಿರಹಂ ದಾಟಿದರೆ ವ್ಯಕ್ತಿಗೂ ಕಾರ್ಪೊರೇಟ್ ತೆರಿಗೆ ಅನ್ವಯ. ನೋಡುವುದು ಲಾಭವಲ್ಲ, ಒಟ್ಟು ಬಿಲ್ಲಿಂಗ್. ಮುಂದಿನ ವರ್ಷದ ಮಾರ್ಚ್ 31ರೊಳಗೆ ನೋಂದಣಿ ಆಗಬೇಕು, ತಡವಾದರೆ 10,000 ದಿರಹಂ ದಂಡ. ಲಾಭದ 3,75,000 ದಿರಹಂವರೆಗೆ ಸೊನ್ನೆ, ಮೇಲೆ ಶೇ. 9. ವಹಿವಾಟು 30 ಲಕ್ಷ ದಿರಹಂ ಮೀರದವರಿಗೆ ಸಣ್ಣ ವ್ಯವಹಾರದ ವಿನಾಯಿತಿ ಇದೆ. 2026ರ ಡಿಸೆಂಬರ್ 31ರೊಳಗೆ ಮುಗಿಯುವ ಅವಧಿಗಳಿಗಷ್ಟೇ, ಅದೂ ರಿಟರ್ನ್‌ನಲ್ಲಿ ಕೇಳಿ ಪಡೆಯಬೇಕು. ವ್ಯಾಟ್ ನೋಂದಣಿ ಬೇರೆಯೇ: 12 ತಿಂಗಳಲ್ಲಿ 3,75,000 ದಿರಹಂ ವಹಿವಾಟು ದಾಟಿದರೆ 30 ದಿನದೊಳಗೆ ಅರ್ಜಿ ಹಾಕಬೇಕು, ಶೂನ್ಯ ದರದ ವಿದೇಶಿ ಬಿಲ್ಲುಗಳೂ ಆ ಲೆಕ್ಕಕ್ಕೆ ಸೇರುತ್ತವೆ.